ಐಸ್ ಬಾಕ್ಸ್ ಸ್ವಲ್ಪ ತೆಗೆಯಿರಿ: ಅಮೆರಿಕದ ಗೇಮ್ ವಾರ್ಡನ್‌ಗಳಿಗೆ ಇಷ್ಟು ಅಧಿಕಾರ ಎಲ್ಲಿಂದ ಬಂತು?

ಜೂನ್ ಬಂತೆಂದರೆ ಅಮೆರಿಕದಲ್ಲಿರುವ ನಮ್ಮವರ ಫೋಟೊಗಳಲ್ಲಿ ಸರೋವರ, ದೋಣಿ, ಗಾಳದ ಕೋಲು ಕಾಣಿಸಿಕೊಳ್ಳುತ್ತವೆ. ಮಕ್ಕಳಿಗೆ ರಜೆ. ಊರಿನಿಂದ ಅಪ್ಪ-ಅಮ್ಮ ಬಂದಿರುತ್ತಾರೆ. ಮೊಮ್ಮಗ ಐಸ್‌ಕ್ರೀಮ್ ತರಲು ಓಡಿದಾಗ ಗಾಳದ ಕೋಲು ಅಜ್ಜನ ಕೈಗೆ ಬರುತ್ತದೆ. ಅದೇ ಹೊತ್ತಿಗೆ ಸಮವಸ್ತ್ರ ಹಾಕಿ, ಸೊಂಟಕ್ಕೆ ಪಿಸ್ತೂಲು ಕಟ್ಟಿದ ಅಧಿಕಾರಿಯೊಬ್ಬರು ಬರುತ್ತಾರೆ. "ನಮಸ್ಕಾರ, ಮೀನು ಬೀಳ್ತಿದೆಯಾ? ಲೈಸೆನ್ಸ್ ತೋರಿಸ್ತೀರಾ? ಆ ಐಸ್ ಬಾಕ್ಸ್ ಸ್ವಲ್ಪ ತೆಗೆಯಿರಿ" ಎನ್ನುತ್ತಾರೆ.

ಮನೆಯವರೆಲ್ಲ ಗಾಬರಿ. ಇವರು ಪೊಲೀಸರಾ? ನಮ್ಮ ಡಬ್ಬಿ ತೆಗೆಸಲು ಇವರಿಗೆ ಹಕ್ಕಿದೆಯಾ? ತಪ್ಪೇ ಮಾಡದವರನ್ನು ಯಾಕೆ ಕೇಳಬೇಕು?

ಪ್ರಶ್ನೆ ನ್ಯಾಯವಾದದ್ದೇ. ಗಟ್ಟಿ ಕಾರಣವಿಲ್ಲದೆ ಸರ್ಕಾರ ಯಾರ ಸಾಮಾನನ್ನೂ ಜಾಲಾಡಬಾರದು ಎಂದು ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿ ಹೇಳುತ್ತದೆ. ಹಾಗಿದ್ದೂ ಮೀನಿನ ಡಬ್ಬಿಯ ವಿಷಯದಲ್ಲಿ ಅಲ್ಲಿನ ಕಾನೂನು ಸ್ವಲ್ಪ ಬೇರೆ ದಾರಿ ಹಿಡಿದಿದೆ. ಯಾಕೆ ಅಂತ ತಿಳಿಯಬೇಕಾದರೆ, ನೀರಿನಲ್ಲಿರುವ ಮೀನು ಯಾರದು ಎಂಬಲ್ಲಿಂದ ಶುರು ಮಾಡಬೇಕು. ಅದಕ್ಕೂ ಮೊದಲು ಇವರ ಪರಿಚಯ.

ಒಂದೇ ಕೆಲಸ, ಹತ್ತು ಹೆಸರು

ಅಮೆರಿಕದಲ್ಲಿ ವನ್ಯಜೀವಿಗಳ ಹೊಣೆ ಮುಖ್ಯವಾಗಿ ರಾಜ್ಯಗಳದ್ದು. ಹಾಗಾಗಿ ರಾಜ್ಯಕ್ಕೊಂದು ಇಲಾಖೆ, ಇಲಾಖೆಗೊಂದು ಹೆಸರು. ಟೆಕ್ಸಸ್ಸಿನಲ್ಲಿ ಗೇಮ್ ವಾರ್ಡನ್ ಎನ್ನುತ್ತಾರೆ. ಟೆನೆಸ್ಸಿಯಲ್ಲಿ ವೈಲ್ಡ್‌ಲೈಫ್ ಆಫೀಸರ್. ಮಿಷಿಗನ್‌ನಲ್ಲಿ ಕನ್ಸರ್ವೇಶನ್ ಆಫೀಸರ್. ಪೆನ್ಸಿಲ್ವೇನಿಯಾದಲ್ಲಿ ಮೀನು ಮತ್ತು ದೋಣಿಗೆಂದೇ ಪ್ರತ್ಯೇಕ ಆಯೋಗವಿದೆ. ಇಲ್ಲಿ 'ಗೇಮ್' ಅಂದರೆ ಆಟವಲ್ಲ, ಬೇಟೆಯ ಪ್ರಾಣಿ. ಈ ಲೇಖನದಲ್ಲಿ ಎಲ್ಲರನ್ನೂ ವಾರ್ಡನ್ ಎಂದೇ ಕರೆಯೋಣ.

ಇವರು ಬರೀ ಕಾವಲುಗಾರರಲ್ಲ. ಬಹುತೇಕ ರಾಜ್ಯಗಳಲ್ಲಿ ಪೂರ್ಣ ಪೊಲೀಸ್ ಅಧಿಕಾರ ಇದೆ. ಬಂಧಿಸಬಹುದು, ದಂಡದ ಚೀಟಿ ಬರೆಯಬಹುದು. ಮೇನ್ ರಾಜ್ಯದ ವಾರ್ಡನ್ ಪಡೆ ಶುರುವಾಗಿದ್ದು 1880ರಲ್ಲಿ. ಮಿಷಿಗನ್ 1887ರಲ್ಲಿ ಸಂಬಳ ಕೊಟ್ಟು ವಾರ್ಡನ್ ನೇಮಿಸಿತು. ಆ ಕಾಲದಲ್ಲಿ ಮಾರುಕಟ್ಟೆಗಾಗಿ ಬೇಟೆ ಮಿತಿಮೀರಿತ್ತು. ಆಕಾಶ ಮುಚ್ಚುವಷ್ಟು ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳಲ್ಲಿ ಕೊನೆಯದು 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. 1905ರಲ್ಲಿ ಫ್ಲಾರಿಡಾದಲ್ಲಿ ಗೈ ಬ್ರಾಡ್ಲಿ ಎಂಬ ವಾರ್ಡನ್, ಗರಿಗಾಗಿ ಹಕ್ಕಿ ಕೊಲ್ಲುತ್ತಿದ್ದವರನ್ನು ತಡೆಯಲು ಸಣ್ಣ ದೋಣಿಯಲ್ಲಿ ಒಬ್ಬರೇ ಹೋಗಿ ಗುಂಡಿಗೆ ಬಲಿಯಾದರು. ಒಬ್ಬರೇ ಹೋಗುವುದು ಈ ಕೆಲಸದಲ್ಲಿ ಇವತ್ತಿಗೂ ಮಾಮೂಲು.

ಸಮುದ್ರದಲ್ಲಿ ಇನ್ನೊಂದು ಗಡಿ ಇದೆ. ದಡದಿಂದ 3 ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್‌ವರೆಗೆ ರಾಜ್ಯದ ನೀರು. ಟೆಕ್ಸಸ್‌ಗೂ, ಫ್ಲಾರಿಡಾದ ಮೆಕ್ಸಿಕೊ ಕೊಲ್ಲಿ ಬದಿಗೂ ಮಾತ್ರ ಅದು 9 ನಾಟಿಕಲ್ ಮೈಲಿ. ಅಲ್ಲಿಂದಾಚೆ 200 ನಾಟಿಕಲ್ ಮೈಲಿವರೆಗೆ ಮೀನುಗಾರಿಕೆಯ ನಿಯಮ ಕೇಂದ್ರ ಸರ್ಕಾರದ್ದು. ಅಲ್ಲಿ ಕೋಸ್ಟ್ ಗಾರ್ಡ್ (ಕರಾವಳಿ ಕಾವಲು ಪಡೆ) ಕೂಡ ಬರುತ್ತದೆ.

ನೀರಿನಲ್ಲಿರುವ ಮೀನು ಯಾರದು?

ಊರ ಕೆರೆಯನ್ನು ನೆನಪಿಸಿಕೊಳ್ಳಿ. ಕೆರೆ ಒಬ್ಬರದಲ್ಲ, ಇಡೀ ಊರಿನದು. ಒಬ್ಬ ರಾತ್ರೋರಾತ್ರಿ ಬಲೆ ಬೀಸಿ ಎಲ್ಲ ಮೀನು ಬಾಚಿಕೊಂಡರೆ, ಅವನು ಯಾರ ಮನೆಗೂ ಕನ್ನ ಹಾಕಿಲ್ಲ. ಆದರೂ ಕಳ್ಳತನವೇ, ಅಲ್ವಾ?

ಅಮೆರಿಕದ ಕಾನೂನಿನ ತಳಪಾಯವೂ ಇದೇ. ಇಂಗ್ಲೆಂಡಿನಲ್ಲಿ ನದಿ, ಸಮುದ್ರದ ದಡ ಎಲ್ಲ ರಾಜನ ಹೆಸರಿನಲ್ಲಿತ್ತು. ಅಮೆರಿಕ ಸ್ವತಂತ್ರವಾದ ಮೇಲೆ ರಾಜನ ಜಾಗಕ್ಕೆ ಯಾರು ಬಂದರು? ನ್ಯೂಜೆರ್ಸಿಯ ರಾರಿಟನ್ ಕೊಲ್ಲಿಯ ಸಿಂಪಿಗಳ ಮೇಲಿನ ಜಗಳವೊಂದು ಸುಪ್ರೀಂ ಕೋರ್ಟಿಗೆ ಹೋಯಿತು. 1842ರಲ್ಲಿ ತೀರ್ಪು ಬಂತು: ರಾಜನ ಜಾಗಕ್ಕೆ ಬಂದವರು ಜನರೇ. ಆ ನೀರು ಎಲ್ಲರ ಬಳಕೆಗೆ ಇರುವಂಥದ್ದು.

ಇಲ್ಲಿಂದ ಬೆಳೆದ ವಿಚಾರ ಹೀಗಿದೆ. ನೀರಿನಲ್ಲಿ ಈಜುವ ಮೀನು ಎಲ್ಲರ ಆಸ್ತಿ. ರಾಜ್ಯ ಸರ್ಕಾರ ಅದರ ಮಾಲೀಕನಲ್ಲ, ಟ್ರಸ್ಟಿ. ಅಪ್ರಾಪ್ತ ಮಗುವಿನ ಆಸ್ತಿ ನೋಡಿಕೊಳ್ಳುವ ಚಿಕ್ಕಪ್ಪನ ಹಾಗೆ. ಆ ಮಗುವಿಗಾಗಿ ಕಾಪಾಡಬೇಕು, ತಾನೇ ತಿಂದುಹಾಕಬಾರದು. ನೀವು ನಿಯಮದ ಪ್ರಕಾರ ಹಿಡಿದರೆ ಆ ಮೀನು ಆ ಕ್ಷಣಕ್ಕೆ ನಿಮ್ಮದಾಗುತ್ತದೆ. ನಿಯಮ ಮೀರಿ ಹಿಡಿದರೆ ಅದು ಎಲ್ಲರದ್ದಾಗಿಯೇ ಉಳಿಯುತ್ತದೆ. ಲೈಸೆನ್ಸ್ ಅಂದರೆ ಎಲ್ಲರ ಆಸ್ತಿಯಿಂದ ನಿಮ್ಮ ಪಾಲು ತೆಗೆದುಕೊಳ್ಳಲು ಸಿಕ್ಕ ಚೀಟಿ.

ಲೈಸೆನ್ಸಿನ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದೂ ಗೊತ್ತಿರಲಿ. 1950ರ ಒಂದು ಕೇಂದ್ರ ಕಾನೂನಿನಂತೆ ಗಾಳದ ಕೋಲು, ರೀಲುಗಳ ಮೇಲೆ ಶೇ 10ರಷ್ಟು ತೆರಿಗೆ ಇದೆ. ಆ ಹಣ ಮೀನು ಉಳಿಸುವ ಕೆಲಸಕ್ಕೆ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಆದರೆ ಒಂದು ಷರತ್ತು. ಮೀನಿನ ಲೈಸೆನ್ಸಿನಿಂದ ಬಂದ ಹಣವನ್ನು ರಾಜ್ಯ ಬೇರೆ ಕಡೆ ತಿರುಗಿಸುವ ಹಾಗಿಲ್ಲ.

ಇಂಚುಪಟ್ಟಿಯ ಹಿಂದಿನ ಲೆಕ್ಕ

ವಾರ್ಡನ್ ಕೈಯಲ್ಲಿ ಪಿಸ್ತೂಲಿಗಿಂತ ಜಾಸ್ತಿ ಕೆಲಸ ಮಾಡುವುದು ಅಳತೆಪಟ್ಟಿ. ನಿಯಮಗಳಲ್ಲಿ ಮುಖ್ಯವಾದವು ಮೂರು: ಯಾವ ಕಾಲದಲ್ಲಿ ಹಿಡಿಯಬಹುದು, ದಿನಕ್ಕೆ ಎಷ್ಟು, ಯಾವ ಅಳತೆಯದು.

ಕಾಲ, ಎಣಿಕೆ ಸುಲಭವಾಗಿ ಅರ್ಥವಾಗುತ್ತವೆ. ಅಳತೆಯ ವಿಷಯ ಬಹಳ ಸ್ವಾರಸ್ಯ. ಸಣ್ಣ ಮೀನು ಬಿಟ್ಟುಬಿಡಿ ಅಂದರೆ ಒಪ್ಪುತ್ತೇವೆ. ಅದು ಒಂದು ಸಲವಾದರೂ ಮೊಟ್ಟೆ ಇಡಲಿ ಎಂಬ ಲೆಕ್ಕ. ಆದರೆ ಹಲವು ಮೀನುಗಳಿಗೆ ಮೇಲಿನ ಮಿತಿಯೂ ಇದೆ. ತುಂಬಾ ದೊಡ್ಡದು ಸಿಕ್ಕರೂ ಬಿಡಬೇಕು! ಇದಕ್ಕೆ ಸ್ಲಾಟ್ ಎನ್ನುತ್ತಾರೆ. ಫ್ಲಾರಿಡಾದ ಅಟ್ಲಾಂಟಿಕ್ ಬದಿಯಲ್ಲಿ ಸ್ನೂಕ್ ಎಂಬ ಮೀನು 28 ಇಂಚಿಗಿಂತ ಕಡಿಮೆ ಇರಬಾರದು, 32 ಇಂಚಿಗಿಂತ ಜಾಸ್ತಿಯೂ ಇರಬಾರದು. ದಿನಕ್ಕೆ ಒಬ್ಬರಿಗೆ ಒಂದೇ.

ದೊಡ್ಡದನ್ನು ಯಾಕೆ ಬಿಡಬೇಕು? ಸ್ನೂಕ್ ಗಂಡಾಗಿ ಬೆಳೆಯುತ್ತದೆ. ದೊಡ್ಡದಾದ ಮೇಲೆ ಹೆಣ್ಣಾಗಿ ಬದಲಾಗುತ್ತದೆ. ಹಾಗಾಗಿ ಭಾರಿ ಸ್ನೂಕ್ ಸಿಕ್ಕಿತೆಂದರೆ ಅದು ಹೆಚ್ಚುಕಡಿಮೆ ತಾಯಿ ಮೀನೇ. ಇಂಥ ಬದಲಾವಣೆ ಇಲ್ಲದ ಮೀನುಗಳಲ್ಲೂ ದೊಡ್ಡ ತಾಯಿ ಇಡುವ ಮೊಟ್ಟೆ ಸಣ್ಣದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿತ್ತನೆಗೆ ಎತ್ತಿಟ್ಟ ಕಾಳನ್ನು ಯಾರೂ ಅಡುಗೆಗೆ ಹಾಕುವುದಿಲ್ಲ.

ಹಾಕಿದರೆ ಏನಾಗುತ್ತದೆ? ಅದಕ್ಕೂ ಕಥೆಯಿದೆ. 1980ರ ದಶಕದಲ್ಲಿ ನ್ಯೂ ಆರ್ಲಿಯನ್ಸ್‌ನ ಬಾಣಸಿಗ ಪಾಲ್ ಪ್ರುಡೋಮ್ ಅವರ ಒಂದು ಮೀನಿನ ಅಡುಗೆ ದೇಶಕ್ಕೆಲ್ಲ ಹುಚ್ಚು ಹಿಡಿಸಿತು. ಮಸಾಲೆ ಮೆತ್ತಿ, ಕೆಂಪಗೆ ಕಾದ ಬಾಣಲೆಯಲ್ಲಿ ಕಪ್ಪಾಗುವಂತೆ ಹುರಿದ ರೆಡ್‌ಫಿಶ್. ಬೇಡಿಕೆ ಏರಿತು. ಮೊಟ್ಟೆಗಾಗಿ ಗುಂಪು ಸೇರುವ ದೊಡ್ಡ ಮೀನುಗಳನ್ನೇ ಬಲೆ ಹಾಕಿ ಎತ್ತತೊಡಗಿದರು. ಕೆಲವೇ ವರ್ಷಗಳಲ್ಲಿ ಮೆಕ್ಸಿಕೊ ಕೊಲ್ಲಿಯ ಕೇಂದ್ರದ ನೀರಿನಲ್ಲಿ ಆ ಮೀನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಟೆಕ್ಸಸ್ ಅದಕ್ಕೂ ಮುಂಚೆ, 1981ರಲ್ಲೇ, ತನ್ನ ನೀರಿನ ರೆಡ್‌ಫಿಶ್ ಮಾರಾಟ ನಿಷೇಧಿಸಿತ್ತು. ಈಗ ಅಲ್ಲಿ 20ರಿಂದ 28 ಇಂಚಿನದು ದಿನಕ್ಕೆ ಮೂರು. ಅದಕ್ಕಿಂತ ದೊಡ್ಡದು ಇಟ್ಟುಕೊಳ್ಳಬೇಕಾದರೆ ಲೈಸೆನ್ಸಿನ ಜೊತೆ ಬರುವ ಟ್ಯಾಗ್ ಬೇಕು.

ಈ ಕಾರಣಕ್ಕೇ ಅನೇಕ ಕಡೆ ದೋಣಿಯಲ್ಲೇ ಮೀನನ್ನು ತುಂಡು ಮಾಡುವಂತಿಲ್ಲ. ತಲೆ, ಬಾಲ ಕತ್ತರಿಸಿದ ಮೇಲೆ ಅದು 27 ಇಂಚಿತ್ತೋ 28 ಇಂಚಿತ್ತೋ ಹೇಗೆ ಹೇಳುವುದು?

ಹಾಗಾದರೆ ಐಸ್ ಬಾಕ್ಸ್ ತೆಗೆಸಬಹುದಾ?

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಮನೆಗೆ ಕಳ್ಳ ನುಗ್ಗಿದರೆ ಬಾಗಿಲು ಒಡೆದಿರುತ್ತದೆ, ಮನೆಯವರು ದೂರು ಕೊಡುತ್ತಾರೆ. ನಾಲ್ಕು ಮೀನು ಹಿಡಿಯಬೇಕಾದಲ್ಲಿ ಹದಿನಾಲ್ಕು ಹಿಡಿದರೆ ದೂರು ಕೊಡುವವರು ಯಾರು? ಮೀನು ಬಂದು ಹೇಳುವುದಿಲ್ಲ. ಸಾಕ್ಷಿ ಇರುವುದು ಆ ಡಬ್ಬಿಯೊಳಗೆ ಮಾತ್ರ. ಅದೂ ಸಂಜೆಗೆ ಸಾರಾಗಿರುತ್ತದೆ.

ಕ್ಯಾಲಿಫೋರ್ನಿಯಾದ ಒಂದು ಮೊಕದ್ದಮೆ ಇದನ್ನು ಚೆನ್ನಾಗಿ ತಿಳಿಸುತ್ತದೆ. ಸ್ಯಾನ್ ಡಿಯೇಗೊದ ಓಶನ್ ಬೀಚ್ ಕಟ್ಟೆಯ ಮೇಲೆ ರಾತ್ರಿ ಹೊತ್ತು ಒಬ್ಬಾತ ನೂಲು ಬಿಟ್ಟು ಹಿಡಿಯುತ್ತಿದ್ದ. ವಾರ್ಡನ್ ದೂರದಿಂದ ದೂರದರ್ಶಕದಲ್ಲಿ ನೋಡುತ್ತಿದ್ದರು. ಆತ ಏನನ್ನೋ ಕಪ್ಪು ಚೀಲಕ್ಕೆ ಹಾಕಿದ. ಏನೆಂದು ಕಾಣಲಿಲ್ಲ. ಆತ ಕಾರು ಹತ್ತಿ ಹೊರಟ. ಸ್ವಲ್ಪ ದೂರದಲ್ಲಿ ವಾರ್ಡನ್ ತಡೆದು ಕೇಳಿದರೆ, ಏನೂ ಇಲ್ಲ ಎಂದ. ಚೀಲದಲ್ಲಿತ್ತು ಸ್ಪೈನಿ ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿಯಂಥ ಜೀವಿ. ಅದನ್ನು ಹಿಡಿಯುವ ಕಾಲ ಅದಾಗಿರಲಿಲ್ಲ.

ತಪ್ಪು ಮಾಡಿದ್ದಾನೆ ಎಂಬ ಅನುಮಾನವೇ ಇಲ್ಲದೆ ಕಾರು ತಡೆದದ್ದು ಸರಿಯಾ? ಆ ರಾಜ್ಯದ ಸುಪ್ರೀಂ ಕೋರ್ಟು 2011ರಲ್ಲಿ ಸರಿ ಎಂದಿತು. ಕಾರಣ ಇಷ್ಟು. ಮೀನು ಹಿಡಿಯುವುದು ನಿಯಮಗಳಿರುವ ಕೆಲಸ ಎಂದು ಗೊತ್ತಿದ್ದೇ ಆತ ಅದಕ್ಕೆ ಇಳಿದಿದ್ದಾನೆ. ಹಿಡಿದದ್ದನ್ನು ತೋರಿಸಿ ಎಂದು ಕೇಳುವುದು ಸಣ್ಣ ತೊಂದರೆ. ಕೇಳದೇ ಹೋದರೆ ನಿಯಮ ಜಾರಿ ಮಾಡಲು ದಾರಿಯೇ ಇಲ್ಲ. ಆದರೆ ಒಂದು ಗೆರೆ ಗಮನಿಸಿ. ಆ ವ್ಯಕ್ತಿ ಈಗಷ್ಟೇ ಮೀನು ಹಿಡಿದಿದ್ದಾನೆ ಎಂಬುದು ವಾರ್ಡನ್‌ಗೆ ತಿಳಿದಿರಬೇಕು. ದಾರಿಯಲ್ಲಿ ಹೋಗುವ ಯಾವುದೋ ಕಾರನ್ನು ಸುಮ್ನೆ ನಿಲ್ಲಿಸುವಂತಿಲ್ಲ.

ಇದು ಕ್ಯಾಲಿಫೋರ್ನಿಯಾದ ಮಾತು. ಗೆರೆ ಎಲ್ಲಿರಬೇಕು ಎಂಬ ಬಗ್ಗೆ ರಾಜ್ಯಗಳಲ್ಲಿ ಒಮ್ಮತವಿಲ್ಲ. ಮನೆ, ಅಂಗಳ ಬಿಟ್ಟು ಆಚೆಯ ತೆರೆದ ಜಮೀನಿಗೆ ನಾಲ್ಕನೇ ತಿದ್ದುಪಡಿಯ ರಕ್ಷಣೆ ಇಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1924ರಲ್ಲೂ 1984ರಲ್ಲೂ ಹೇಳಿತ್ತು. ಆದರೆ 2024ರಲ್ಲಿ ಟೆನೆಸ್ಸಿಯ ಮೇಲ್ಮನವಿ ಕೋರ್ಟು, ನಮ್ಮ ರಾಜ್ಯದ ಸಂವಿಧಾನ ಜಮೀನಿನ ಮಾಲೀಕರಿಗೆ ಹೆಚ್ಚು ರಕ್ಷಣೆ ಕೊಡುತ್ತದೆ, ವಾರ್ಡನ್‌ಗಳು ವಾರಂಟ್ ಇಲ್ಲದೆ ಹಾಗೆ ನುಗ್ಗುವಂತಿಲ್ಲ ಎಂದಿತು. ಫ್ಲಾರಿಡಾ 2025ರಲ್ಲಿ ಹೊಸ ಕಾನೂನು ತಂದಿತು. ಜುಲೈ 1ರಿಂದ ಅಲ್ಲಿ ಬರೀ ಸುರಕ್ಷತಾ ತಪಾಸಣೆಯ ಹೆಸರಿನಲ್ಲಿ ರಾಜ್ಯದ ಅಧಿಕಾರಿಗಳು ದೋಣಿ ನಿಲ್ಲಿಸುವಂತಿಲ್ಲ, ತಕ್ಕ ಕಾರಣ ಇರಬೇಕು. ಹಾಗಾಗಿ ಒಂದು ರಾಜ್ಯದಲ್ಲಿ ಕೇಳಿದ್ದನ್ನು ಇನ್ನೊಂದು ರಾಜ್ಯದಲ್ಲಿ ನಂಬಿ ವಾದಕ್ಕಿಳಿಯಬೇಡಿ.

ದೋಣಿಯ ಲೆಕ್ಕ ಯಾಕೆ ಇವರಿಗೆ ಬಂತು?

ಉತ್ತರ ಸರಳ. ನೀರಿನ ಮೇಲೆ ಇವರು ಮೊದಲೇ ಇದ್ದರು. ರಸ್ತೆಯ ಪೊಲೀಸರ ಕಾರು ಸರೋವರದ ನಡುವೆ ಹೋಗುವುದಿಲ್ಲ. 1971ರಲ್ಲಿ ದೋಣಿ ಸುರಕ್ಷತೆಗೆ ಕೇಂದ್ರ ಕಾನೂನು ಬಂದ ಮೇಲೆ ರಾಜ್ಯಗಳ ಕೆಲಸ ಇನ್ನೂ ಹೆಚ್ಚಿತು. ಅನೇಕ ರಾಜ್ಯಗಳಲ್ಲಿ ಅದು ವಾರ್ಡನ್‌ಗಳ ಹೆಗಲಿಗೇ ಬಿತ್ತು.

ಮೋಟಾರು ದೋಣಿಗೆ ಕಾರಿನ ಹಾಗೆ ನಂಬರು ಇದೆ. ಮೂತಿಯ ಎರಡೂ ಬದಿಗೆ, ಕನಿಷ್ಠ 3 ಇಂಚು ಎತ್ತರದ ಅಕ್ಷರದಲ್ಲಿ. ನೋಂದಣಿ ಪತ್ರ ದೋಣಿಯಲ್ಲೇ ಇರಬೇಕು. ಒಬ್ಬೊಬ್ಬರಿಗೂ ಮೈಗೆ ಒಪ್ಪುವ ಒಂದೊಂದು ಲೈಫ್ ಜಾಕೆಟ್ ಬೇಕು. 16 ಅಡಿ ಅಥವಾ ಅದಕ್ಕಿಂತ ಉದ್ದದ ದೋಣಿಯಾದರೆ ಎಸೆಯಲು ಬರುವ ತೇಲುಬಿಲ್ಲೆಯೂ ಬೇಕು. ದೋಣಿ ಸಾಗುವಾಗ 13 ವರ್ಷದೊಳಗಿನ ಮಕ್ಕಳು ಜಾಕೆಟ್ ತೊಟ್ಟಿರಲೇಬೇಕು ಎಂಬುದು ಕೇಂದ್ರದ ನಿಯಮ. ವಯಸ್ಸಿನ ಮಿತಿ ರಾಜ್ಯಕ್ಕೊಂದು ಥರ ಬದಲಾಗುತ್ತದೆ.

ಈ ಪಟ್ಟಿ ನೋಡಿ ಬೇಸರವಾಗಬಹುದು. ಒಂದು ವರ್ಷದ ಲೆಕ್ಕ ನೋಡಿ. ಕೋಸ್ಟ್ ಗಾರ್ಡ್ ಅಂಕಿಅಂಶದಂತೆ 2023ರಲ್ಲಿ ಅಮೆರಿಕದ ಮನರಂಜನಾ ದೋಣಿಗಳ ಅಪಘಾತದಲ್ಲಿ 564 ಜನ ಸತ್ತರು. ಕಾರಣ ಗೊತ್ತಾದ ಸಾವುಗಳಲ್ಲಿ ನೂರಕ್ಕೆ 75 ಮುಳುಗಿ ಆದದ್ದು. ಮುಳುಗಿದವರಲ್ಲಿ ನೂರಕ್ಕೆ 87 ಜನ ಜಾಕೆಟ್ ತೊಟ್ಟಿರಲಿಲ್ಲ. ಇದನ್ನು ಓದಿದ ಮೇಲೆ ನನಗೆ ಆ ಕಿತ್ತಳೆ ಜಾಕೆಟ್ ಸೀಟಿನ ಕೆಳಗೆ ಬಿದ್ದಿರುವುದನ್ನು ನೋಡಲು ಆಗುವುದಿಲ್ಲ. ತಣ್ಣೀರಿಗೆ ಬಿದ್ದ ಮೇಲೆ ಅದನ್ನು ಹುಡುಕಿ ತೊಡಲು ಈಜು ಬಲ್ಲವರಿಗೂ ಕಷ್ಟ.

ಕುಡಿತದ ನಿಯಮ ರಸ್ತೆಯದ್ದೇ. ರಕ್ತದಲ್ಲಿ ಮದ್ಯದ ಪ್ರಮಾಣ ಶೇ 0.08 ಮುಟ್ಟಿದರೆ ಅಪರಾಧ. ಬಿಸಿಲು, ಗಾಳಿ, ಎಂಜಿನ್ನಿನ ಸದ್ದು, ಸದಾ ಕುಲುಕಾಟ ಸೇರಿ ದೇಹ ಮೊದಲೇ ಸೋತಿರುತ್ತದೆ. ದಡದಲ್ಲಿ ಏನೂ ಅನಿಸದಷ್ಟು ಮದ್ಯ ಅಲ್ಲಿ ಬೇಗ ತಲೆಗೇರುತ್ತದೆ. 2009ರಿಂದ ಪ್ರತಿ ವರ್ಷ ಅಲ್ಲಿನ ಸ್ವಾತಂತ್ರ್ಯ ದಿನವಾದ ಜುಲೈ 4ರ ಆಸುಪಾಸು ದೇಶದಾದ್ಯಂತ ಇದಕ್ಕಾಗಿಯೇ ವಿಶೇಷ ಗಸ್ತು ನಡೆಯುತ್ತದೆ.

2021ರ ಏಪ್ರಿಲ್ 1ರಿಂದ ಇನ್ನೊಂದು ನಿಯಮ ಬಂದಿದೆ. 26 ಅಡಿಗಿಂತ ಚಿಕ್ಕ ವೇಗದ ದೋಣಿಗಳಲ್ಲಿ, ಎಂಜಿನ್ ನಿಲ್ಲಿಸುವ ಸ್ವಿಚ್ ಇದ್ದರೆ ಅದರ ದಾರವನ್ನು ನಡೆಸುವವರು ಮೈಗೆ ಸಿಕ್ಕಿಸಿಕೊಂಡಿರಬೇಕು. ಅವರು ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ಖಾಲಿ ದೋಣಿ ಸುತ್ತು ಹೊಡೆದು ಬಿದ್ದವರ ಮೇಲೆಯೇ ಬರಬಹುದು.

ಅಡಿಯ ಬಿರಡೆ ತೆಗೆದು ಹೊರಡಿ

ಸರೋವರದಿಂದ ಹೊರಡುವಾಗಲೂ ಕೆಲವು ಕಡೆ ತಪಾಸಣೆ ಇರುತ್ತದೆ. ಕಾರಣ, ಉಗುರಿನಷ್ಟು ದೊಡ್ಡ ಒಂದು ಚಿಪ್ಪುಜೀವಿ. ಜೀಬ್ರಾ ಮಸಲ್ ಅಂತ ಹೆಸರು. ಯುರೋಪಿನ ಕಡೆಯಿಂದ ಹಡಗುಗಳ ಹೊಟ್ಟೆಯ ನೀರಿನಲ್ಲಿ ಬಂದು, 1988ರಲ್ಲಿ ಮಹಾ ಸರೋವರಗಳ ಪ್ರದೇಶದಲ್ಲಿ ಕಂಡಿತು. ಇದರ ಸಂಬಂಧಿ ಕ್ವಾಗಾ ಮಸಲ್ 2007ರಲ್ಲಿ ಲಾಸ್ ವೇಗಸ್ ಹತ್ತಿರದ ಲೇಕ್ ಮೀಡ್ ತಲುಪಿತು. ಕುಡಿಯುವ ನೀರಿನ ಕೊಳವೆಗಳೊಳಗೆ ಕೂತು ಮುಚ್ಚಿಬಿಡುತ್ತವೆ. ಮರಿಗಳು ಕಣ್ಣಿಗೆ ಕಾಣುವುದಿಲ್ಲ, ದೋಣಿಯಲ್ಲಿ ಉಳಿದ ಒಂದು ಚೊಂಬು ನೀರು ಸಾಕು. ಅದಕ್ಕೇ ತೊಳೆಯಿರಿ, ದೋಣಿಯ ಅಡಿಯ ಬಿರಡೆ ತೆಗೆದು ನೀರು ಹರಿಸಿ, ಒಣಗಿಸಿ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ವಾರ್ಡನ್‌ಗಳ ಜೊತೆ ಇವನ್ನು ಮೂಸಿ ಹಿಡಿಯುವ ನಾಯಿಗಳೂ ಇವೆ.

ಸಿಕ್ಕಿಬಿದ್ದರೆ

ಬಹುಪಾಲು ಸಣ್ಣ ತಪ್ಪುಗಳು ಎಚ್ಚರಿಕೆಯಲ್ಲೋ ದಂಡದಲ್ಲೋ ಮುಗಿಯುತ್ತವೆ. ದೊಡ್ಡವು ಹಾಗಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಓಹಾಯೊದ ಕ್ಲೀವ್‌ಲ್ಯಾಂಡ್‌ನಲ್ಲಿ ಮೀನು ಹಿಡಿಯುವ ಸ್ಪರ್ಧೆ ನಡೆಯಿತು. ಬಹುಮಾನ 28 ಸಾವಿರ ಡಾಲರಿಗೂ ಮೇಲೆ. ಗೆದ್ದ ಇಬ್ಬರ ಮೀನು ನೋಡಲು ಸಣ್ಣ, ತೂಕ ಮಾತ್ರ ಜಾಸ್ತಿ. ಆಯೋಜಕರು ಹೊಟ್ಟೆ ಸೀಳಿದರೆ ಸೀಸದ ಗುಂಡುಗಳು! ಆ ವಿಡಿಯೊವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ವಿಡಿಯೊ ಮುಗಿದಲ್ಲಿಂದ ವನ್ಯಜೀವಿ ಅಧಿಕಾರಿಗಳ ಕೆಲಸ ಶುರುವಾಯಿತು. ಮೀನು, ಗುಂಡು ಎಲ್ಲ ಸಾಕ್ಷ್ಯವಾಗಿ ವಶವಾದವು. 2023ರಲ್ಲಿ ಇಬ್ಬರೂ ತಪ್ಪೊಪ್ಪಿಕೊಂಡರು. ಹತ್ತು ದಿನ ಜೈಲು, ದಂಡ, ಮೂರು ವರ್ಷ ಲೈಸೆನ್ಸ್ ರದ್ದು. ಲಕ್ಷ ಡಾಲರಿನ ಆಸುಪಾಸಿನ ದೋಣಿಯೂ ಹೋಯಿತು.

ಇನ್ನೂ ದೊಡ್ಡ ದಂಧೆಗಳಿವೆ. ಮಿಸೌರಿಯ ವಾರ್ಸಾ ಪಟ್ಟಣದಲ್ಲಿ ಪ್ಯಾಡಲ್‌ಫಿಶ್ ಎಂಬ ಪುರಾತನ ಮೀನಿನ ಮೊಟ್ಟೆಯನ್ನು ಕ್ಯಾವಿಯರ್ ಎಂಬ ದುಬಾರಿ ತಿನಿಸಾಗಿ ಮಾರುವ ಜಾಲವೇ ಇತ್ತು. ರಾಜ್ಯದ ಮತ್ತು ಕೇಂದ್ರದ ಅಧಿಕಾರಿಗಳು ವೇಷ ಮರೆಸಿ ಆ ಊರಿನಲ್ಲಿದ್ದು, 2013ರಲ್ಲಿ ನೂರಕ್ಕೂ ಹೆಚ್ಚು ಶಂಕಿತರನ್ನು ಬಯಲಿಗೆಳೆದರು. ಕದ್ದ ಜೀವಿಯನ್ನು ರಾಜ್ಯದ ಗಡಿ ದಾಟಿಸಿದರೆ 1900ರ ಲೇಸಿ ಕಾಯ್ದೆಯಡಿ ಅದು ಕೇಂದ್ರದ ಅಪರಾಧವಾಗುತ್ತದೆ.

ಒಂದು ರಾಜ್ಯದಲ್ಲಿ ಲೈಸೆನ್ಸ್ ಹೋದರೆ ಪಕ್ಕದ ರಾಜ್ಯಕ್ಕೆ ಹೋಗಿ ಹಿಡಿಯಬಹುದಲ್ಲ? ಆಗುವುದಿಲ್ಲ. ಬಹುತೇಕ ಎಲ್ಲ ರಾಜ್ಯಗಳೂ ಒಂದು ಒಪ್ಪಂದದೊಳಗಿವೆ. ಒಂದು ಕಡೆ ರದ್ದಾದದ್ದು ಉಳಿದ ಕಡೆಯೂ ರದ್ದು.

ವಾರ್ಡನ್‌ಗಳೇ ತಪ್ಪು ಬದಿಯಲ್ಲಿ ನಿಂತಾಗ

ಎಲ್ಲರ ಆಸ್ತಿ ಎಂದು ಹೇಳುವಾಗ 'ಎಲ್ಲರು' ಅಂದರೆ ಯಾರು? ಈ ಪ್ರಶ್ನೆಯನ್ನು ಬಿಟ್ಟು ಈ ವಿಷಯ ಹೇಳಿದರೆ ಅರ್ಧ ಹೇಳಿದ ಹಾಗೆ.

1854ರಲ್ಲಿ ವಾಷಿಂಗ್ಟನ್ ರಾಜ್ಯದ ಭಾಗದ ಮೂಲನಿವಾಸಿಗಳು ತಮ್ಮ ನೆಲ ಬಿಟ್ಟುಕೊಟ್ಟು ಒಪ್ಪಂದಕ್ಕೆ ಸಹಿ ಹಾಕಿದರು. ಮೊದಲಿನಿಂದ ಹಿಡಿಯುತ್ತಿದ್ದ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕು ತಮ್ಮದೇ ಎಂಬ ಮಾತನ್ನು ಅದರಲ್ಲಿ ಉಳಿಸಿಕೊಂಡರು. ನೂರು ವರ್ಷದ ನಂತರ ರಾಜ್ಯದ ವಾರ್ಡನ್‌ಗಳು ಅದೇ ಜನರನ್ನು ಅದೇ ನದಿಗಳಲ್ಲಿ ಕಳ್ಳರೆಂದು ಬಂಧಿಸುತ್ತಿದ್ದರು. ನಿಸ್ಕ್ವಾಲಿ ಜನಾಂಗದ ಬಿಲ್ಲಿ ಫ್ರಾಂಕ್ ಜೂನಿಯರ್ ಅವರನ್ನು ಮೊದಲು ಹಿಡಿದದ್ದು 1945ರಲ್ಲಿ. ಆಗ ಅವರಿಗೆ 14 ವರ್ಷ. ಆಮೇಲೆ 50ಕ್ಕೂ ಹೆಚ್ಚು ಸಲ ಬಂಧನವಾಯಿತು. 1960ರ ದಶಕದಲ್ಲಿ ಆ ಜನ ನದಿಯಲ್ಲಿ ಬಲೆ ಬೀಸುವುದನ್ನೇ ಚಳವಳಿ ಮಾಡಿದರು. 1970ರಲ್ಲಿ ಪುಯಾಲಪ್ ನದಿ ದಡದ ಅವರ ಶಿಬಿರದ ಮೇಲೆ ಅಶ್ರುವಾಯು ಸಿಡಿಸಲಾಯಿತು.

1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ತೀರ್ಪು ಕೊಟ್ಟರು: ಒಪ್ಪಂದ ಇನ್ನೂ ಜೀವಂತ. ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಮೂಲನಿವಾಸಿಗಳದ್ದು. 1979ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಈಗ ಅಲ್ಲಿ ರಾಜ್ಯವೂ ಮೂಲನಿವಾಸಿ ಸಮುದಾಯಗಳೂ ಒಟ್ಟಿಗೆ ಕೂತು ಸಾಲ್ಮನ್ ಮೀನಿನ ಲೆಕ್ಕ ಹಾಕುತ್ತವೆ. ಸಮುದಾಯಗಳಿಗೆ ತಮ್ಮದೇ ವಾರ್ಡನ್‌ಗಳಿದ್ದಾರೆ. ಬಿಲ್ಲಿ ಫ್ರಾಂಕ್ ತೀರಿಕೊಂಡ ಮೇಲೆ, 2015ರಲ್ಲಿ, ಅವರಿಗೆ ದೇಶದ ಅತ್ಯುನ್ನತ ನಾಗರಿಕ ಗೌರವ ಸಂದಿತು.

ಎದುರಿಗೆ ಬಂದು ನಿಂತಾಗ

ಅಜ್ಜನ ಕಥೆಗೆ ವಾಪಸ್ ಬರೋಣ. ಬಹುತೇಕ ರಾಜ್ಯಗಳಲ್ಲಿ ಗಾಳದ ಕೋಲು ಕೈಯಲ್ಲಿದ್ದರೆ ಮೀನು ಹಿಡಿಯುತ್ತಿದ್ದೀರಿ ಎಂದೇ ಅರ್ಥ. ಐಸ್‌ಕ್ರೀಮ್ ಬರುವ ತನಕ ಹಿಡಿದಿದ್ದೆ ಎಂದರೆ ನಡೆಯುವುದು ಕಷ್ಟ. ಮೊಮ್ಮಗನಿಗೆ ಲೈಸೆನ್ಸ್ ಬೇಡದಿರಬಹುದು. ಕ್ಯಾಲಿಫೋರ್ನಿಯಾದಲ್ಲಿ 16, ಟೆಕ್ಸಸ್ಸಿನಲ್ಲಿ 17 ವರ್ಷ ತುಂಬುವ ತನಕ ಬೇಡ. ಅಜ್ಜನಿಗೆ ಬೇಕು. ಪ್ರವಾಸಕ್ಕೆ ಬಂದವರಿಗೆ ಹೊರಗಿನವರ ಲೈಸೆನ್ಸ್ ಇದೆ. ಒಂದು ದಿನದ್ದೂ ಅನೇಕ ಕಡೆ ಸಿಗುತ್ತದೆ, ಫೋನಿನಲ್ಲೇ ಕೊಳ್ಳಬಹುದು. ಕ್ಯಾಲಿಫೋರ್ನಿಯಾದ ಸಮುದ್ರದಲ್ಲಿ ಸಾರ್ವಜನಿಕ ಕಟ್ಟೆಯ ಮೇಲೆ ನಿಂತು ಹಿಡಿದರೆ ಯಾರಿಗೂ ಲೈಸೆನ್ಸ್ ಬೇಡ. ಆದರೆ ಅಲ್ಲೂ ಎಣಿಕೆ, ಅಳತೆ, ಕಾಲದ ನಿಯಮ ಇದ್ದೇ ಇದೆ.

ವಾರ್ಡನ್ ಹತ್ತಿರ ಬಂದಾಗ ಗಾಳವನ್ನು ಕೆಳಗಿಟ್ಟು ಓಡಬೇಡಿ. ಮೀನನ್ನು ಗಡಿಬಿಡಿಯಲ್ಲಿ ನೀರಿಗೆ ಎಸೆಯಬೇಡಿ, ಸಾಕ್ಷ್ಯ ಬಚ್ಚಿಟ್ಟ ಹಾಗಾಗುತ್ತದೆ. ಬಂದ ಸ್ಥಳದ ನಿಯಮ ಗೊತ್ತಿಲ್ಲದಿದ್ದರೆ ಅವರನ್ನೇ ಕೇಳಿ. ಇದು ಯಾವ ಮೀನು, ಹೇಗೆ ಅಳೆಯಬೇಕು ಎಂದು ಕೇಳಿದರೆ ತೋರಿಸಿಕೊಡುವುದೂ ಅವರ ಕೆಲಸದ ಭಾಗವೇ. ಬಾಯಿ ಮುಚ್ಚಿ, ಬಾಲ ಒತ್ತಿ ಹಿಡಿದು ಅಳೆಯುವ ರಾಜ್ಯಗಳಿವೆ. ಬಾಲದ ಕವಲಿನವರೆಗೆ ಮಾತ್ರ ಅಳೆಯುವ ಮೀನುಗಳೂ ಇವೆ.

ಮೊದಲ ಸಲ ಹೋಗುವವರಿಗೆ ಒಂದು ಒಳ್ಳೆಯ ದಾರಿ ಇದೆ. ಬಹುತೇಕ ರಾಜ್ಯಗಳು ವರ್ಷದಲ್ಲಿ ಒಂದೆರಡು ದಿನ, ಹೆಚ್ಚಾಗಿ ಜೂನ್ ಮೊದಲ ವಾರದ ಆಸುಪಾಸು, ಲೈಸೆನ್ಸ್ ಇಲ್ಲದೆ ಮೀನು ಹಿಡಿಯಲು ಬಿಡುತ್ತವೆ. ಕೆಲವು ಕಡೆ ಗಾಳದ ಕೋಲನ್ನೂ ಕೊಟ್ಟು ಕಲಿಸುತ್ತಾರೆ. ಅಜ್ಜ ಆ ದಿನ ಎಷ್ಟು ಹೊತ್ತು ಬೇಕಾದರೂ ಕೋಲು ಹಿಡಿದು ಕೂರಬಹುದು. ಮೀನು ಸಿಕ್ಕರೆ ಮಾತ್ರ ಮೊದಲು ಅಳತೆಪಟ್ಟಿಯ ಮೇಲೆ ಮಲಗಿಸಬೇಕು.